ಎರಡನೆಯ ಚುಕ್ಕೆ

24 ಮೇ 2014, ಶನಿವಾರ. ಮಕ್ತಲ್

ಬೇಡ ಎಂದವರಿಗೆ ರಜೆ. ಅನಂತಮ್ಮ ಮೇಡಂ ನಾರಾಯಣಪೇಟೆಯ ಲ್ಯಾಬಿಗೆ ಬೀಗ ಜಡಿದು, ವಿಚಾರಣೆ ಮುಗಿಯುವ ತನಕ ಯಾರೂ ಒಳಗೆ ಕಾಲಿಡಕೂಡದು ಎಂದು ನಮ್ಮನ್ನೆಲ್ಲ ಮನೆಗೆ ಅಟ್ಟಿದ್ದಾರೆ. ಇಷ್ಟು ವರ್ಷದ ತಯಾರಿ ಮುಗಿದು ಈಗ ತಾನೇ ನಿಜವಾದ ಅಳತೆ ಶುರುವಾಗಬೇಕಿತ್ತು. ನಾನು ಗಂಡ ಕಾಂತೇಶನ ಮನೆಯ ಪಡಸಾಲೆಯಲ್ಲಿ ಕೂತು ಅತ್ತೆಯ ಜೊತೆ ಶೇಂಗಾ ಸುಲಿಯುತ್ತಿದ್ದೇನೆ.

ಆದದ್ದನ್ನು ನೆಟ್ಟಗೆ ಬರೆದಿಟ್ಟರೆ ತಲೆಯೊಳಗೆ ತಿರುಗುವುದು ನಿಂತೀತು. ಹೋದ ಶನಿವಾರ ನಮ್ಮ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿ ಅಭಿರಾಮನೂ ನಾನೂ ಲೇಸರ್ ಕಿರಣವನ್ನು ಸಾಲಿಗೆ ತರುತ್ತಿದ್ದೆವು. ನಮ್ಮ ಲೇಸರು ಕಣ್ಣಿಗೆ ಕಾಣುವಂಥದಲ್ಲ. ಒಂದು ಕಾರ್ಡು ಹಿಡಿದು ನೋಡಬೇಕು, ಕಿರಣ ಬಿದ್ದ ಕಡೆ ಕಾರ್ಡಿನ ಮೇಲೆ ಕೇಸರಿ ಚುಕ್ಕೆ ಹೊಳೆಯುತ್ತದೆ. ಮುಖದ ಮೇಲೆ ರಕ್ಷಣೆಯ ಕನ್ನಡಕ ಇರಲೇಬೇಕು. ಆ ಕನ್ನಡಕದಲ್ಲಿ ಚುಕ್ಕೆ ಮಂಜು ಮಂಜು. ಅಭಿರಾಮ ಬೇಸತ್ತು ಕನ್ನಡಕವನ್ನು ಹಣೆಗೇರಿಸಿದ. ಎಡಗಣ್ಣಿಗೆ ಕಿರಣ ಬಡಿಯಿತು. ಕಣ್ಣಿನ ಪರದೆಯ ನಟ್ಟನಡುವೆ ಸುಟ್ಟಿದೆ, ಅಲ್ಲಿಯ ನೋಟ ಮತ್ತೆ ಬರುವುದು ಕಷ್ಟ ಎಂದು ಹೈದರಾಬಾದಿನಲ್ಲಿ ಡಾಕ್ಟರು ಹೇಳಿ ಕಳಿಸಿದ್ದಾರೆ. ಈಗ ಗದ್ವಾಲದಲ್ಲಿ ತಾಯಿಯ ಹತ್ತಿರ ಇದ್ದಾನೆ.

ಕನ್ನಡಕ ತೆಗೆದವನು ಅವನು. ಬಾಗಿಲ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದೆ, ಓದಲು ಬಾರದವನೇನಲ್ಲ. ನಿಯಮ ಅಂದರೆ ನಿಯಮ.

ಅತ್ತೆ ಸಂಗಮ್ಮನವರಿಗೆ ಇವತ್ತು ನನ್ನ ಕೆಲಸ ಏನೆಂದು ತಿಳಿಯಬೇಕಾಯಿತು. ಮದುವೆಯಾಗಿ ಮೂರು ತಿಂಗಳಾದ ಮೇಲೆ!

"ಲೋಕದಾಗ ಕಣ್ಣಿಗೆ ಕಾಣೋದಕ್ಕಿಂತ ಕಾಣದ ವಸ್ತು ಭಾಳ ಐತ್ರಿ ಅತ್ತೀ. ಅದು ಯಾವ ಕಣದ್ದು ಅಂತ ಯಾರಿಗೂ ಗೊತ್ತಿಲ್ಲ. ನಾವು ಒಂದು ಉಕ್ಕಿನ ಗ್ವಾಡಿಗೆ ಲೇಸರ್ ಬಿಡ್ತೀವಿ. ಬೆಳಕು ಅಲ್ಲೇ ನಿಲ್ಲಬೇಕು. ಆದ್ರ ಗ್ವಾಡಿ ಎರಡೂ ಕಡೆ ದೊಡ್ಡ ಅಯಸ್ಕಾಂತ ಅದಾವ. ಈ ಕಡೆ ಬೆಳಕು ಹೋಗಿ ಆ ಕಾಣದ ಕಣ ಆಗಿ, ಗ್ವಾಡಿ ದಾಟಿ, ಆ ಕಡೆ ಮತ್ತ ಬೆಳಕಾದ್ರ ನಮಗ ಸಿಗ್ತೈತಿ."

"ಸಿಕ್ಕೈತೇನು?"

"ಇನ್ನಾ ಇಲ್ರಿ."

"ಮತ್ತ ದಿನಾ ಏನ್ ನೋಡ್ತೀರಿ?"

"ಕತ್ತಲ ನೋಡ್ತೀವ್ರಿ."

"ಅದಕ್ಕ ಸರ್ಕಾರ ಪಗಾರ ಕೊಡ್ತೈತೇನು! ನಮ್ಮ ಕಾಂತೇಶ ಸುಮ್ನ ಗೊಬ್ಬರ ಮಾರಾಕತ್ಯಾನ" ಎಂದು ನಕ್ಕರು. ನಾನೂ ನಕ್ಕೆ. ನಕ್ಕದ್ದು ಆಮೇಲೆ ಅಸಹ್ಯವಾಯಿತು.

ಸಂಜೆ ಬಚ್ಚಲ ಒಲೆ ಉರಿಯುತ್ತಿತ್ತು. ಚೀಲದಲ್ಲಿ ಉಳಿದಿದ್ದ ಕಪ್ಪು ಟೇಪಿನ ತುಂಡನ್ನು ಹಾಕಿದೆ. ಕೆಟ್ಟ ವಾಸನೆ ಬಂತು. ಏನು ಸುಟ್ಟೆ ಎಂದರು ಅತ್ತೆ. ಕಸ ಎಂದೆ.

29 ಮೇ. ಮಕ್ತಲ್

ಬಂದ್. ಬಸ್ಸಿಲ್ಲ, ಅಂಗಡಿ ಇಲ್ಲ. ಕಾಂತೇಶ ನಮ್ಮ ಅಂಗಡಿಯ ಬಾಗಿಲು ಅರ್ಧ ತೆರೆದು ಹತ್ತಿ ಬೀಜದ ಪೊಟ್ಟಣ ಮಾರಿ ಬಂದರು. ನನಗೆ ಮಾಡಲು ಏನೂ ಇಲ್ಲ. ಏನೂ ಇಲ್ಲದಾಗ ಆ ಕೋಣೆಯೇ ಎದುರು ಬರುತ್ತದೆ.

ಇಲ್ಲಿ ಓದುವವರು ಯಾರೂ ಇಲ್ಲ. ಬರೆದುಬಿಡುತ್ತೇನೆ.

ಕಾರ್ಡಿನ ಮೇಲೆ ಒಂದು ಚುಕ್ಕೆ ಇರಬೇಕು. ಅವತ್ತು ಎರಡಿದ್ದವು. ಒಂದು ನಿಂತಿತ್ತು. ಇನ್ನೊಂದು ಕಾರ್ಡಿನ ಅಂಚಿನಿಂದ ಸರ್ರನೆ ಮೇಲೆ ಹರಿದು ಹೋಯಿತು. ಅದೇ ಹೊತ್ತಿಗೆ ನನ್ನ ಬಲಗೈ ಕನ್ನಡಿಯ ತಿರುಪಿನ ಕಡೆಗೆ ಚಾಚಿತ್ತು. ಮರುಕ್ಷಣ ಅಭಿರಾಮ ಮುಖ ಮುಚ್ಚಿಕೊಂಡು "ಅಕ್ಕಾ, ಏನೋ ಬಡೀತು" ಎಂದ. ನಾನು ಬಾಗಿಲ ಬಳಿಯ ಗುಂಡಿ ಒತ್ತಿ ಲೇಸರು ಆರಿಸಿದೆ. ಆಮೇಲೆ ನನ್ನ ಕೋಟಿನ ತೋಳು ಸರಿಸಿ ನೋಡಿಕೊಂಡೆ. ಪಾಟ್ಲಿ ಬಳೆಯ ಮೇಲೆ ಸುತ್ತಿದ್ದ ಕಪ್ಪು ಟೇಪು ಬೆವರಿಗೆ ಬಿಟ್ಟು ಕೆಳಗೆ ಜಾರಿತ್ತು. ಚಪ್ಪಟೆ ಬಂಗಾರ, ಕಿರಣ ತಿರುಗಿಸುವ ಕನ್ನಡಿಯ ಹಾಗೆ.

ಲೇಸರ್ ಕೋಣೆಗೆ ಬಳೆ, ಉಂಗುರ, ವಾಚು ಯಾವುದೂ ಬರಬಾರದು. ಹೊರಗೆ ಒಂದು ತಟ್ಟೆ ಇಟ್ಟಿದ್ದಾರೆ, ಎಲ್ಲರೂ ಅದರಲ್ಲಿ ಬಿಚ್ಚಿಟ್ಟು ಹೋಗುತ್ತೇವೆ. ನಾನೂ ಮದುವೆಗೆ ಮೊದಲು ಹಾಗೇ ಮಾಡುತ್ತಿದ್ದೆ. ಮದುವೆಯಾದ ಮೇಲೆ ಗಾಜಿನ ಬಳೆ ತೆಗೆದಿಡುತ್ತಿದ್ದೆ, ಪಾಟ್ಲಿ ಮಾತ್ರ ಇರಿಸಿಕೊಂಡು ಟೇಪು ಸುತ್ತಿ ಕೋಟಿನ ತೋಳಿನ ಒಳಗೆ ಸೇರಿಸುತ್ತಿದ್ದೆ. ನಾನೇನು ಮಾಡಲಿ? ಹೊಸ ಸೊಸೆ ವರ್ಷ ತುಂಬುವ ತನಕ ಬರಿಗೈಯಲ್ಲಿ ಇರಬಾರದು ಎಂದವರು ಅತ್ತೆ. ಅವರ ಪಾಟ್ಲಿ, ಅವರ ಅತ್ತೆ ಅವರಿಗೆ ಕೊಟ್ಟದ್ದು. ಈ ಮನೆಯ ಶಾಸ್ತ್ರಕ್ಕೂ ಮೇಡಂನ ನಿಯಮಕ್ಕೂ ನಡುವೆ ಸಿಕ್ಕಿ ಹಾಕಿಕೊಂಡವಳು ನಾನು.

ಮೇಡಂ ಕೇಳಿದ ಹೇಳಿಕೆಯಲ್ಲಿ "ನಾನು ತಿರುಪು ಸರಿಪಡಿಸುತ್ತಿದ್ದೆ, ಅಭಿರಾಮ ಕನ್ನಡಕ ತೆಗೆದಿದ್ದ" ಎಂದಷ್ಟೇ ಬರೆದುಕೊಟ್ಟಿದ್ದೇನೆ. ಒಂದಕ್ಷರವೂ ಸುಳ್ಳಲ್ಲ.

2 ಜೂನ್. ಮಕ್ತಲ್

ಇವತ್ತಿನಿಂದ ತೆಲಂಗಾಣ. ಬೆಳಗಿನಿಂದ ಪಟಾಕಿ, ಗುಲಾಲು, ಲಾಡು. ಬೀದಿಯ ಹುಡುಗರು ಕಾಂತೇಶನ ಮುಖ ಗುರುತು ಸಿಗದಂತೆ ಗುಲಾಬಿ ಬಳಿದು ಕಳಿಸಿದ್ದಾರೆ. "ರಾಯಚೂರಿನ ಬಸ್ಸಿಗೆ ಇನ್ನ ಮ್ಯಾಲೆ ಹೊಸ ರಾಜ್ಯ ದಾಟಿ ಹೋಗಬೇಕು ನೋಡು" ಎಂದು ಅತ್ತೆಯನ್ನು ರೇಗಿಸಿದರು. "ಬಸ್ ಅದ, ರೋಡ್ ಅದ, ತಗ್ಗೂ ಅದ" ಎಂದರು ಅತ್ತೆ.

ಗಲಾಟೆಯ ನಡುವೆ ಅಭಿರಾಮನ ಫೋನು. ಶುಭಾಶಯ ಹೇಳಲಿಕ್ಕೆ.

"ಅಕ್ಕಾ, ನನ್ನ ಸಲುವಾಗಿ ಎಲ್ಲಾರ ಕೆಲಸ ನಿಂತುಬಿಡ್ತು. ತಪ್ಪಾಯ್ತ್ರಿ."

ನನಗೆ ಪಟಾಕಿ ಸದ್ದಿಗೆ ಏನೂ ಕೇಳಿಸುತ್ತಿಲ್ಲ ಎಂದು ಹೇಳಿ ಇಟ್ಟೆ. ಕೇಳಿಸಿತ್ತು.

3 ಜೂನ್

ಕಾಂತೇಶನಿಗೆ ಹೇಳಿದೆ. ಎರಡು ಚುಕ್ಕೆ, ಪಾಟ್ಲಿ, ಟೇಪು, ಎಲ್ಲ. ಅವರು ಗಡ್ಡ ಕೆರೆದುಕೊಂಡರು.

"ನೋಡಿದವರು ಯಾರು?"

"ನಾ ಒಬ್ಬಾಕೀನ."

"ಅಂದ ಮ್ಯಾಲೆ ಸುಮ್ನಿರು. ಹೇಳಿದ್ರ ಆ ಹುಡುಗನ ಕಣ್ಣು ಬರ್ತೈತೇನು? ಅವನೂ ಕನ್ನಡಕ ತಗದಿದ್ದ ಹೌದಿಲ್ಲೋ?"

ಹೌದು ಎಂದೆ. ಇದೇ ಮಾತು ನಾನು ಹತ್ತು ದಿನದಿಂದ ನನಗೆ ಹೇಳಿಕೊಳ್ಳುತ್ತಿದ್ದೇನೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಯಾಕಷ್ಟು ಕೆಟ್ಟದಾಗಿ ಕೇಳಿಸಿತೋ ಗೊತ್ತಿಲ್ಲ. ಅವರ ಮೇಲೆ ಸುಮ್ಮನೆ ಹರಿಹಾಯ್ದೆ. ಪಾಪ, ಊಟ ಬಿಟ್ಟು ಎದ್ದು ಹೋದರು.

8 ಜೂನ್, ಭಾನುವಾರ. ಗದ್ವಾಲದಿಂದ ಬಂದು

ಹೋಗಬಾರದಿತ್ತು. ನೋಡಲು ಹೋಗದಿದ್ದರೆ ಜನ ಏನೆಂದಾರು ಎಂದು ಹೋದೆ. ಆತ್ಮಕೂರಿನ ಮೇಲೆ ಬಸ್ಸು, ಜುರಾಲ ಅಣೆಕಟ್ಟಿನಲ್ಲಿ ನೀರು ತಳ ಕಂಡಿದೆ, ಬಿಸಿಲು ಕೆಂಡ.

ಅಭಿರಾಮನ ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ತಂದೆ ಮಂತ್ರಾಲಯದ ಮಠದ ಕೆಲಸದ ಮೇಲೆ ಹೋಗಿದ್ದರು. ತಾಯಿ ಲಕ್ಷ್ಮೀಬಾಯಿ ಕೈ ಹಿಡಿದು ಒಳಗೆ ಕರೆದುಕೊಂಡರು. ಮೇಲಿಂದ ಮೇಲೆ ಅವಲಕ್ಕಿ, ಮಜ್ಜಿಗೆ.

ಅಭಿರಾಮ ನನ್ನನ್ನು ನೋಡುವಾಗ ಮುಖವನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸುತ್ತಾನೆ. ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದ ಹಾಗೆ.

"ಬಲಗಣ್ಣು ಮುಚ್ಚಿದ್ರ ನಿಮ್ಮ ಕಿವಿ ಕಾಣ್ತಾವ, ಕೂದಲು ಕಾಣ್ತಾವ, ಮೂಗಿಲ್ರಿ ಅಕ್ಕಾ. ನಡುವ ಕರೀ ಬಿಲ್ಲೆ ಅಂಟಿಸಿದಂಗ" ಎಂದು ನಗಲು ನೋಡಿದ. ನೀರಿನ ಲೋಟ ಹಿಡಿಯಲು ಹೋಗಿ ಬೆರಳು ತಾಗಿ ಉರುಳಿತು.

"ತಪ್ಪಾಯ್ತವ್ವಾ."

"ಅದೊಂದು ಕಲತೀ ನೋಡು" ಎಂದರು ಲಕ್ಷ್ಮೀಬಾಯಿ ನೆಲ ಒರೆಸುತ್ತ. "ನೀವ ಹೇಳ್ರಿ ಶಿವಗಂಗಾ, ಕನ್ನಡಕ ಹಾಕ್ಕೊಂಡ ಇರ್ಬೇಕು ಅಂತ ನಿಯಮ ಇತ್ತೋ ಇಲ್ಲೋ? ಸಣ್ಣಾಂವ ಇದ್ದಾಗಿಂದ ಹಿಂಗ. ಅವಸರ. ಒಂದು ಮಾತು ಕೇಳೋದಿಲ್ಲ. ತನ್ನ ಕಣ್ಣು ತಾನ ಸುಟ್ಟುಕೊಂಡ ಬುದ್ಧಿಗೇಡಿ. ದಿನಾ ಹೇಳ್ತೀನಿ, ನನ್ನ ಹೊಟ್ಟಿ ಉರೀತದ, ಅದಕ್ಕ ಹೇಳ್ತೀನಿ."

ಅಭಿರಾಮ ತಲೆ ತಗ್ಗಿಸಿದ್ದ. ಇಬ್ಬರೂ ನಾನೇನು ಹೇಳುತ್ತೇನೆಂದು ಕಾದರು.

"ಹೌದ್ರಿ, ನಿಯಮ ಇತ್ತು" ಎಂದೆ.

ಹೊರಡುವಾಗ ಮುತ್ತೈದೆ ಬಂದಿದ್ದಾಳೆ ಎಂದು ಕುಂಕುಮ ಹಚ್ಚಿ, ಹಸಿರು ಬಳೆ ತಂದು ತಾವೇ ನನ್ನ ಕೈಗೆ ಏರಿಸಿದರು. ಬಲಗೈಗೆ ಏರಿಸುವಾಗ ಪಾಟ್ಲಿಯನ್ನು ಹೆಬ್ಬೆರಳಲ್ಲಿ ಸವರಿ "ಹಳೇ ಕಾಲದ್ದು, ಗಟ್ಟಿ ಅದ" ಎಂದರು. ನಾನು ಕೈ ಎಳೆದುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದೆ.

9 ಜೂನ್

"ಹೌದ್ರಿ, ನಿಯಮ ಇತ್ತು." ಥೂ.

14 ಜೂನ್. ಮಕ್ತಲ್

ಮೊದಲ ಮಳೆ. ಊರೆಲ್ಲ ಬೀಜದ ಅಂಗಡಿಯ ಮುಂದೆ. ಕಾಂತೇಶ ಮನೆಗೆ ಊಟಕ್ಕೂ ಬರುವುದಿಲ್ಲ. ಡಬ್ಬಿ ಕಳಿಸಿ ನಾನೂ ಅತ್ತೆಯೂ ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಗೆಯಲು ಕೂತೆವು. ಸೋಪಿನ ನೊರೆಯಲ್ಲಿ ನನ್ನ ಕೈ ನೋಡಿ ಅತ್ತೆ ಎಂದರು:

"ಪಾಟ್ಲಿ ಬಿಗಿ ಆಗ್ಯಾವಲ್ಲವ್ವಾ. ಗುರುತು ಬಿದ್ದೈತಿ. ಸೋಪು ಹತ್ತೈತಿ, ಈಗ ತಗದುಬಿಡು."

"ತೆಗೀಬ್ಯಾಡ ಅಂದವರು ನೀವ ಅಲ್ಲೇನ್ರಿ." ನನ್ನ ದನಿ ನನಗೇ ಹುಳಿ ಎನ್ನಿಸಿತು. ಎಷ್ಟು ದಿನದಿಂದ ಈ ಮಾತು ಬಾಯಲ್ಲಿ ಇಟ್ಟುಕೊಂಡಿದ್ದೆನೋ!

"ನಾ ಯಾವಾಗ ಅಂದೆ?"

"ವರ್ಷ ತುಂಬೂತನಕ ಬರಿಗೈಲೆ ಇರಬಾರದು ಅಂತ."

"ಅದು ಮನಿಗೆ ಮಂದಿ ಬಂದಾಗ, ಮದುವಿ ಮುಂಜಿಗೆ ಹೋದಾಗ. ನೀ ಲಗ್ನ ಆಗಿ ಮೊದಲ ಸಲ ಡ್ಯೂಟಿಗೆ ಹೊಂಟಾಗ ನಾನ ಅಂದಿದ್ದೆ. ಯಂತ್ರದ ಕೆಲಸ, ಇವು ಬ್ಯಾಡ, ಡಬ್ಬ್ಯಾಗ ಇಟ್ಟು ಹೋಗು, ಕೊರಳಾಗ ತಾಳಿ ಐತಿ, ಸಾಕು ಅಂತ. ನೀ ಏನಂದಿ? ಇರ್ಲಿ ಬಿಡ್ರಿ ಅತ್ತೀ, ಕೈತುಂಬ ಚಂದ ಕಾಣ್ತಾವ ಅಂದಿ. ನಾ ಖುಷಿ ಆಗಿ ಸುಮ್ನಾದೆ."

ನೆನಪಾಯಿತು. ಬಾಗಿಲಲ್ಲಿ ಕಾಂತೇಶ ಬೈಕು ಚಾಲೂ ಮಾಡಿ ನಿಂತಿದ್ದರು, ಅತ್ತೆ ಕೈಯಲ್ಲಿ ಡಬ್ಬಿಯ ಮುಚ್ಚಳ ತೆರೆದು ಹಿಡಿದಿದ್ದರು. ನಾನು ಅದೇ ಮಾತು ಹೇಳಿದ್ದೆ. ಹೇಳಿದ್ದು ಅರ್ಧ ನಿಜ. ಇನ್ನರ್ಧ, ಪಾಟ್ಲಿ ಬಿಗಿ, ತೆಗೆಯಬೇಕೆಂದರೆ ಸೋಪು ಹಚ್ಚಿ ನಲ್ಲಿಯ ಕೆಳಗೆ ಹೆಣಗಬೇಕು. ದಿನಾ ಯಾರು ಮಾಡುತ್ತಾರೆ ಎಂದು ಬೇಜಾರು. ಅಷ್ಟೇ. ಲ್ಯಾಬಿನ ಹಿಂದೆ ನಲ್ಲಿ ಇದೆ, ಸೋಪೂ ಇದೆ.

ಶಾಸ್ತ್ರವೂ ಇಲ್ಲ, ಏನೂ ಇಲ್ಲ. ಬೇಜಾರಿಗೆ ಒಬ್ಬನ ಕಣ್ಣು.

ಇಷ್ಟು ದಿನ ಮನಸ್ಸಿನಲ್ಲಿ ಅತ್ತೆಯನ್ನು ಎಷ್ಟು ಬೈದೆ. ಅವರು ನನ್ನ ಕೈಯ ಗುರುತಿಗೆ ಕೊಬ್ಬರಿ ಎಣ್ಣೆ ತಂದು ಹಚ್ಚಿದರು. ಪಾಟ್ಲಿ ಇವತ್ತು ಕೈಯಿಂದ ಇಳಿಯಿತು. ಹೆಚ್ಚೇನೂ ನೋಯಲಿಲ್ಲ.

17 ಜೂನ್. ಮಕ್ತಲ್

ಮೇಡಂ ಫೋನು ಮಾಡಿದ್ದರು. ಹೈದರಾಬಾದಿನಿಂದ ಬಂದ ಸಮಿತಿ ಕಾಗದ ನೋಡಿ ಮುಗಿಸಿದೆ. ಅಭಿರಾಮ ತಾನೇ ಬಗ್ಗಿ ಕಿರಣಕ್ಕೆ ಕಣ್ಣು ಕೊಟ್ಟೆ ಎಂದು ಒಪ್ಪಿಕೊಂಡಿದ್ದಾನೆ. ಸುರಕ್ಷತೆಯ ನಿಯಮ ಮುರಿದ ಕಾರಣಕ್ಕೆ ಅವನನ್ನು ಪ್ರಯೋಗದಿಂದ ತೆಗೆಯುತ್ತಾರೆ, ಫೆಲೋಶಿಪ್ಪು ಮುಂದುವರಿಯುವುದಿಲ್ಲ. ತಿಂಗಳ ಕೊನೆಗೆ ಆದೇಶ. "ಲ್ಯಾಬು ತೆರೆಯುತ್ತೆ, ನೀನು ತಯಾರಾಗು" ಎಂದರು. ಒಳ್ಳೆಯ ಸುದ್ದಿ ಹೇಳುವವರ ಹಾಗೆ.

ಅವನು ಬಗ್ಗಿರಲಿಲ್ಲ. ಅವನು ನೆಟ್ಟಗೆ ನಿಂತಿದ್ದ. ಬೆಳಕು ಎಲ್ಲಿಂದ ಬಂತು ಎಂದು ತಿಳಿಯದೆ, ತಾನೇ ಬಗ್ಗಿರಬೇಕು ಎಂದು ನಂಬಿದ್ದಾನೆ. ಬೇರೆ ಏನು ನಂಬಿಯಾನು, ಗೊತ್ತಿರುವವಳು ಹೇಳದಿದ್ದರೆ?

ಅತ್ತೆಗೆ ಎಲ್ಲ ಹೇಳಿದೆ. ಅಳು ಬಂತು, ಅಳುತ್ತಲೇ ಹೇಳಿದೆ. ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿ ಎಂದರು:

"ನನ್ನ ಹೆಸರು ಹೇಳು."

"ಏನ್ರಿ?"

"ಅತ್ತಿ ಬಳಿ ತೆಗೀಬ್ಯಾಡ ಅಂತ ಹಟ ಹಿಡಿದಿದ್ಲು, ಹಳೇ ಮಂದಿ ಅನ್ನು. ಅವರೂ ನಂಬ್ತಾರ. ನನ್ನನ್ನ ಯಾವ ಕೆಲಸದಿಂದ ತಗೀತಾರ ಅವರು?"

ಆ ಮಾತು ಎಷ್ಟು ಸುಲಭವಾಗಿತ್ತು! ಎಲ್ಲರೂ ನಂಬುತ್ತಿದ್ದರು. ನಾನೇ ಮೂರು ವಾರ ನಂಬಿರಲಿಲ್ಲವೇ.

ಬೇಡ್ರಿ ಎಂದೆ. ಕಾಂತೇಶ ಬಂದ ಮೇಲೆ ಅವರಿಗೂ ಹೇಳಿದೆ, ನಾರಾಯಣಪೇಟೆಗೆ ಹೋಗುತ್ತೇನೆಂದು. ಅವರು ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದರು. ಅತ್ತೆ "ಏ, ಸುಮ್ನ ಊಟಾ ಮಾಡು" ಎಂದರು.

19 ಜೂನ್. ನಾರಾಯಣಪೇಟೆ

ಬೆಳಗಿನ ಬಸ್ಸಿಗೆ ಬಂದೆ. ನಮ್ಮ ಲ್ಯಾಬು ಊರ ಹೊರಗೆ ದಾಮರಗಿದ್ದದ ರಸ್ತೆಯಲ್ಲಿ, ನಿಜಾಮರ ಕಾಲದ ಕಲ್ಲಿನ ಗೋದಾಮು. ಲಾರಿಗಳ ಅದುರು ಇಲ್ಲವೆಂದು ಮೇಡಂ ಹುಡುಕಿ ಹಿಡಿದ ಜಾಗ. ಬೋರ್ಡಿನಲ್ಲಿ ಆಂಧ್ರಪ್ರದೇಶ ಎಂಬುದರ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ, ಹೊಸ ಹೆಸರು ಇನ್ನೂ ಬರೆದಿಲ್ಲ.

ಮೇಡಂ ಕೂತು ಕೇಳಿದರು. ಎದುರಿನ ಕಾಗದದಲ್ಲಿ ಒಂದೆರಡು ಮಾತು ಗುರುತು ಹಾಕಿಕೊಂಡರು. ಮುಗಿದ ಮೇಲೆ ಕೇಳಿದರು:

"ಟೇಪು ಎಲ್ಲಿ?"

"ಸುಟ್ಟೆ."

"ಯಾವಾಗ?"

"ಮನೆಗೆ ಹೋದ ಮೇಲೆ."

"ಅಂದ್ರೆ ಗೊತ್ತಿದ್ದೇ ಸುಟ್ಟಿದ್ದೀಯ."

ಹೌದು ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನನ್ನನ್ನು ಬೈಯಬಹುದಿತ್ತು. ನಾನು ಅದಕ್ಕೆ ಸಿದ್ಧಳಾಗಿ ಬಂದಿದ್ದೆ. "ಮೊದಲು ಅವನಿಗೆ ಹೇಳು. ಸಮಿತಿಗೆ ನಾನು ಹೇಳ್ತೀನಿ" ಎಂದಷ್ಟೇ ಹೇಳಿ ಬೇರೆ ಕಾಗದ ಎಳೆದುಕೊಂಡರು.

22 ಜೂನ್, ಭಾನುವಾರ. ಗದ್ವಾಲ, ಬಸ್ ನಿಲ್ದಾಣ

ಬಸ್ಸು ತಡ. ಇಲ್ಲೇ ಕಲ್ಲು ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಹೇಳಿದೆ. ಲಕ್ಷ್ಮೀಬಾಯಿಯವರ ಎದುರೇ ಹೇಳಿದೆ. ಬಂಗಾರದ ಬಳೆ, ಜಾರಿದ ಟೇಪು, ಎರಡನೆಯ ಚುಕ್ಕೆ, ಸುಟ್ಟದ್ದು. ಯಾವುದನ್ನೂ ಬಿಡಲಿಲ್ಲ. ಬೈಗುಳ ತಿನ್ನಲು ಹೋದವಳು ನಾನು.

ಅಭಿರಾಮ ಮುಖ ಪಕ್ಕಕ್ಕೆ ಹೊರಳಿಸಿ ನನ್ನನ್ನೇ ನೋಡಿದ. ಕಣ್ಣು ತುಂಬಿ ಬಂತು ಅವನಿಗೆ.

"ಅಕ್ಕಾ, ನನ್ನ ಸಲುವಾಗಿ ಇಷ್ಟು ಮಾಡಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ.

"ನನ್ನ ಫೆಲೋಶಿಪ್ ಹೋಗ್ತದ ಅಂತ ನಿಮ್ಮ ತಲಿ ಮ್ಯಾಲೆ ಹಾಕ್ಕೊಳ್ಳಿಕ್ಕೆ ಬಂದೀರಿ. ನನಗ ತಿಳೀತದ. ನಾ ಬಗ್ಗಿದ್ದೆ ಅಕ್ಕಾ. ನನಗ ನೆನಪದ. ಕಾರ್ಡಿನ ಮ್ಯಾಲೆ ಚುಕ್ಕಿ ಕಾಣಸ್ಲಿಲ್ಲ ಅಂತ ಬಗ್ಗಿದೆ."

"ಬಗ್ಗಿಲ್ಲೋ ಅಭಿ. ನೆಟ್ಟಗ ನಿಂತಿದ್ದಿ."

"ನನ್ನ ತಪ್ಪದು. ನಿಮಗ ಲಗ್ನ ಆಗಿ ಈಗೀಗ ಸಂಸಾರ ಶುರು ಆಗ್ಯದ. ನಿಮ್ಮ ಹೆಸರು ಯಾಕ ಕೆಡಬೇಕು?"

ಲಕ್ಷ್ಮೀಬಾಯಿ ನನ್ನ ಎರಡೂ ಕೈ ಹಿಡಿದುಕೊಂಡು "ಒಡಹುಟ್ಟಿದವರೂ ಹಿಂಗ ಮಾಡೂದಿಲ್ಲವ್ವಾ" ಎಂದು ಅತ್ತರು. ಮಗನ ಕಡೆ ತಿರುಗಿ, "ನೋಡು, ನಿನ್ನ ಅವಸರಕ್ಕ ಆಕಿ ಎಷ್ಟು ಒದ್ದಾಡಾಕತ್ಯಾಳ ನೋಡು" ಎಂದು ಮತ್ತೆ ಅವನನ್ನೇ ಬೈದರು.

ಅಯ್ಯೋ! ಗಂಟಲು ಹರಿಯುವಂತೆ ಹೇಳಿದೆ. ಎಷ್ಟು ಹೇಳಿದರೂ ನನ್ನ ದೊಡ್ಡತನ ದೊಡ್ಡದಾಗುತ್ತ ಹೋಯಿತು. ಅವನೇ ನನಗೆ ನೀರು ತಂದುಕೊಟ್ಟ. ಒಂದು ತಿಂಗಳಲ್ಲಿ ಆ ಹುಡುಗ ನನ್ನ ತಪ್ಪನ್ನು ಪೂರ್ತಿ ತನ್ನದು ಮಾಡಿಕೊಂಡುಬಿಟ್ಟಿದ್ದಾನೆ, ಈಗ ವಾಪಸು ಕೊಡು ಎಂದರೆ ಕೊಡುತ್ತಿಲ್ಲ. ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಇದ್ದ ಒಂದು ತುಂಡು ಟೇಪನ್ನು ನಾನೇ ಸುಟ್ಟೆ.

ಮೇಡಂಗೆ ಈಗ ಫೋನು ಮಾಡಿದೆ. ಅವರು ಹೇಳಿದರು: "ಮಾತಲ್ಲಿ ನಂಬದಿದ್ದರೆ ಅಳೆದು ತೋರಿಸೋಣ. ಅದಕ್ಕೇ ಅಲ್ಲವಾ ನಾವು ಇರೋದು. ಆ ಬಳೆ ತಗೊಂಡು ಬಾ. ಅವನನ್ನು ನಾನು ಕರೆಸ್ತೀನಿ."

27 ಜೂನ್. ನಾರಾಯಣಪೇಟೆ

ಲಕ್ಷ್ಮೀಬಾಯಿಯವರೂ ಬಂದಿದ್ದರು. ಮಗನನ್ನು ಒಬ್ಬನೇ ಕಳಿಸಲಾರೆ, ನಾನೂ ಒಳಗೆ ಬರುತ್ತೇನೆ ಎಂದರು. ಮೇಡಂ ನಿಯಮ ಹೇಳಿದರು: ಕೈಯಲ್ಲಿ ಏನೂ ಇರಬಾರದು. ಮುತ್ತೈದೆಗೆ ಹೇಗೆ ಹೇಳುವುದೆಂದು ಮೇಡಂ ಸ್ವಲ್ಪ ತಡವರಿಸಿದರು.

"ಎಲ್ಲಿ ಇಡಲಿ?" ಎಂದರು ಲಕ್ಷ್ಮೀಬಾಯಿ. ಕೈ ಮುದುರಿ, ಹಸಿರು ಬಳೆಗಳನ್ನು ಒಂದೊಂದಾಗಿ ಇಳಿಸಿ ತಟ್ಟೆಯಲ್ಲಿಟ್ಟರು. ಒಂದು ಬಿಗಿಯಾಗಿತ್ತು. ತಾವೇ ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿಕೊಂಡು ಬಂದರು. ನಾನು ಬೇರೆ ಕಡೆ ನೋಡಿದೆ.

ಒಳಗೆ ಎಲ್ಲರಿಗೂ ಕನ್ನಡಕ. ಲೇಸರಿನ ಶಕ್ತಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದೆವು. ಮೇಡಂ ಅಭಿರಾಮನನ್ನು ಅವತ್ತಿನ ಜಾಗದಲ್ಲಿ ನಿಲ್ಲಿಸಿದರು.

"ಎಷ್ಟು ಬಗ್ಗಿದ್ದೆ? ತೋರಿಸು."

ಅವನು ಬಗ್ಗಿದ. ಮೇಡಂ ಅಳೆದರು. ಅಷ್ಟು ಬಗ್ಗಿದರೂ ನೇರ ಕಿರಣ ಅವನ ಎದೆಯ ಹತ್ತಿರ ಹೋಗುತ್ತದೆ. ಕಣ್ಣಿಗೆ ತಾಗಬೇಕಾದರೆ ಮೊಣಕಾಲೂರಬೇಕು. "ಮೊಣಕಾಲೂರಿದ್ದೆಯಾ?" ಎಂದರು. ಅವನು ಇಲ್ಲ ಎಂದ. ಆಮೇಲೆ ನೆನಪಿಲ್ಲ ಎಂದ.

ಅವನನ್ನು ದೂರ ಸರಿಸಿ, ಅವನು ನಿಂತಿದ್ದ ಜಾಗದಲ್ಲಿ ಒಂದು ಕಂಬಿ ನೆಟ್ಟರು. ನೆಟ್ಟಗೆ ನಿಂತಾಗ ಅವನ ಕಣ್ಣು ಎಲ್ಲಿ ಬರುತ್ತದೋ ಆ ಎತ್ತರಕ್ಕೆ ಕಾರ್ಡು ಸಿಕ್ಕಿಸಿದರು. ನನ್ನ ಕಡೆ ನೋಡಿದರು.

ಈ ಕೋಣೆಯೊಳಗೆ ಕೂತು ಗೋಡೆಯಾಚೆ ಒಂದೇ ಒಂದು ಕಿಡಿ ಬೆಳಕು ಕಂಡರೆ ಸಾಕು ಎಂದು ವರ್ಷಗಟ್ಟಲೆ ಹಾರೈಸಿದವಳು ನಾನು. ಇವತ್ತು ಕಾಣದಿದ್ದರೆ ಸಾಕು ಎನ್ನಿಸಿತು. ಕಾಣದಿದ್ದರೆ ಅವನು ನಂಬಿದ್ದೇ ನಿಜವಾಗಿ ಉಳಿಯುತ್ತದೆ, ನಾನು ದೊಡ್ಡವಳಾಗಿ ಉಳಿಯುತ್ತೇನೆ. ಹಾಗೆ ಅನ್ನಿಸಿತು, ಬರೆಯುತ್ತಿದ್ದೇನೆ.

ಪಾಟ್ಲಿ ಹಾಕಿಕೊಂಡು ಬಲಗೈಯನ್ನು ತಿರುಪಿನ ಕಡೆಗೆ ಚಾಚಿದೆ. ಮೊದಲು ಏನೂ ಇಲ್ಲ. ಮೇಡಂ ದೀಪ ಆರಿಸಿದರು. ಅವತ್ತು ತಿರುಪು ತುಸು ಆಚೆಗಿತ್ತು. ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಬೇರೆ ಯಾರಿಗೂ ಗೊತ್ತೂ ಇರಲಿಲ್ಲ. ನಾನೇ ಕೈಯನ್ನು ಇನ್ನೊಂದಿಷ್ಟು ಮುಂದೆ ಒಯ್ದು ಮಣಿಕಟ್ಟು ಹೊರಳಿಸಿದೆ.

ಕಂಬಿಯ ಮೇಲಿನ ಕಾರ್ಡಿನಲ್ಲಿ ಚುಕ್ಕೆ ಹತ್ತಿತು. ನಟ್ಟನಡುವೆ.

ಅಭಿರಾಮ ಕಾರ್ಡಿನ ಎದುರು ಬಂದು ಮುಖ ಪಕ್ಕಕ್ಕೆ ಹೊರಳಿಸಿ ನೋಡಿದ. ಇನ್ನೊಂದು ಕಡೆಗೂ ಹೊರಳಿಸಿ ನೋಡಿದ.

"ಕೈ ತಗೀರಿ" ಎಂದ. ತೆಗೆದೆ. ಚುಕ್ಕೆ ಹೋಯಿತು.

"ಮತ್ತ ಇಡ್ರಿ." ಇಟ್ಟೆ. ಬಂತು.

ಹೀಗೆ ಅವನು ಎಷ್ಟು ಸಲ ಮಾಡಿಸಿದನೋ. ಒಳ್ಳೆಯ ಪ್ರಯೋಗ ಮಾಡುವವನು ಹಾಗೇ ಮಾಡಬೇಕು.

"ನೀವು ಅವತ್ತ ನೋಡಿದ್ರಿ?" ಎಂದ ಕೊನೆಗೆ.

"ನೋಡಿದೆ."

"ನಮ್ಮ ಮನಿಗೆ ಬಂದಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಅವನು ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದ. ಲಕ್ಷ್ಮೀಬಾಯಿ ಅವನ ಹಿಂದೆ ಓಡಿದರು. ತಟ್ಟೆಯಲ್ಲಿ ಅವರ ಬಳೆ ಹಾಗೇ ಉಳಿದವು. ನಾನು ಕಿಟಕಿಯಿಂದ ನೋಡಿದೆ. ಬೇವಿನ ಮರದ ಕೆಳಗೆ ಬರಿಗೈಯಲ್ಲಿ ಮಗನ ಮುಖ ಹಿಡಿದುಕೊಂಡು ಏನೋ ಹೇಳುತ್ತಿದ್ದರು, ಹೇಳಿದ್ದನ್ನೇ ಹೇಳುತ್ತಿದ್ದರು. ಅವನು ಕೈ ಕೊಡವಿ ಮುಂದೆ ನಡೆದ.

1 ಜುಲೈ. ಮಕ್ತಲ್

ಆದೇಶ ಬಂತು. ಅಭಿರಾಮನ ಫೆಲೋಶಿಪ್ಪು ಉಳಿಯಿತು. ಕನ್ನಡಕ ತೆಗೆದದ್ದಕ್ಕೆ ಎಚ್ಚರಿಕೆ ಕೊಟ್ಟಿದ್ದಾರೆ. ನಾನು ಪ್ರಯೋಗದಿಂದ ಹೊರಗೆ. ಮುಂದೇನು ಎಂದು ಆಮೇಲೆ ನೋಡುತ್ತಾರಂತೆ. ಕಾಂತೇಶ ಕಾಗದ ಓದಿ ಮಡಿಚಿಟ್ಟು, "ಅಂಗಡ್ಯಾಗ ಭಾಳ ಗದ್ದಲ ಐತಿ, ನಾಳೆ ಬಂದು ನನ್ನ ಜೋಡಿ ಕೂಡು" ಎಂದರು. ನನಗೆ ಸಾಂತ್ವನ ಹೇಳಲು ಅವರಿಗೆ ಬರುವುದು ಅಷ್ಟೇ. ನನಗೂ ಅಷ್ಟೇ ಸಾಕಾಯಿತು.

ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

3 ಜುಲೈ. ಮಕ್ತಲ್

ಅಂಗಡಿಯಲ್ಲಿ ಒಬ್ಬ ರೈತನಿಗೆ ಬೀಜದ ಪೊಟ್ಟಣ ಕೊಡುತ್ತಿದ್ದೆ. ಫೋನು ಬಂತು. ಗದ್ವಾಲದ್ದು. ಹಿಂದಿನ ಕೋಣೆಗೆ ಹೋಗಿ, ಗೊಬ್ಬರದ ಚೀಲದ ಮೇಲೆ ಕೂತು ಎತ್ತಿದೆ.

ಅಭಿರಾಮ. ಎತ್ತಿದ ಕೂಡಲೇ ಶುರುಮಾಡಿದ.

"ದಿನಾ ಬೈಸಿಕೊಂಡೆ. ಗೊತ್ತದ ಏನು ನಿಮಗ? ದಿನಾ. ನಮ್ಮವ್ವನ ಕೈಲೆ, ನಮ್ಮಪ್ಪನ ಕೈಲೆ, ಬಂದ ಹೋದ ಮಂದಿ ಕೈಲೆ. ನನ್ನ ಕೈಲೆ ನಾ ಬೈಸಿಕೊಂಡೆ! ಬೆಳಿಗ್ಗೆ ಎದ್ದು ಕನ್ನಡಿ ನೋಡಿ ಬೈಕೋತಿದ್ದೆ. ನಾನ ಮಾಡಿಕೊಂಡೀನಿ ಅಂತ. ನೀವು ಎದುರಿಗೆ ಕೂತು ಅವಲಕ್ಕಿ ತಿಂದ್ರಿ. ಕಣ್ಣು ಹೋದ್ರ ಹೋಗ್ಲಿ, ಅದು ಅಪಘಾತ, ಯಾರಿಗೆ ಬೇಕಾದ್ರೂ ಆಗ್ತದ. ಆದ್ರ ನೀವು… ನೀವು ಎಂಥ ಹೆಣ್ಣುಮಗಳು!"

ದನಿ ಒಡೆಯಿತು. ಮತ್ತೆ ಏರಿತು. ನಾನು ಅವನ ಬಾಯಲ್ಲಿ ಎಂದೂ ಕೇಳದ ಮಾತೆಲ್ಲ ಬಂದವು. ಹಿಂದಿನಿಂದ ಲಕ್ಷ್ಮೀಬಾಯಿಯವರ ದನಿ ಕೇಳಿಸಿತು, "ಅನ್ನು, ಇನ್ನಾ ಅನ್ನು, ಬಿಡಬ್ಯಾಡ" ಎಂದು ಮಗನಿಗೆ ಹೇಳುತ್ತಿದ್ದರು, ಅಳುತ್ತ ಹೇಳುತ್ತಿದ್ದರು.

ಬಾಗಿಲಲ್ಲಿ ಕಾಂತೇಶ ಬಂದು ನಿಂತು, ಅಷ್ಟು ದೂರಕ್ಕೂ ಕೇಳುವ ಆ ಕೂಗಾಟ ಕೇಳಿ, ಇಟ್ಟುಬಿಡು ಎಂದು ಕೈಸನ್ನೆ ಮಾಡಿದರು.

ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿಕೊಂಡು, ಅವನು ಸಾಕು ಎನ್ನುವ ತನಕ ಕೇಳಿದೆ.